ಅನ್ನನಾಳದ ಉಬ್ಬಿದ ಸಿರೆ ಒಡೆದು ರಕ್ತ ಸುರಿಯುವುದನ್ನು ಪ್ರಾಣಿಗಳಲ್ಲಿ ಹೇಗೆ ಅಧ್ಯಯನ ಮಾಡುತ್ತಾರೆ?

ಹೆಚ್ಚಾಗಿ ಇಲಿಗಳಲ್ಲಿ. ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ಸಿರೆಯಲ್ಲಿ ಒತ್ತಡ ಏರಿದರೆ ರಕ್ತ ಅಡ್ಡದಾರಿ ಹಿಡಿಯುತ್ತದೆ. ಅನ್ನನಾಳದ ಸಿರೆಗಳು ಉಬ್ಬುವುದು ಹೀಗೇ.

ಇಲಿಯಲ್ಲಿ ಈ ಒತ್ತಡ ತರಿಸುವ ಉಪಾಯ ಸರಳ. ಪೋರ್ಟಲ್ ಸಿರೆಯ ಪಕ್ಕ 20 ಗೇಜಿನ ಸೂಜಿ ಇಟ್ಟು, ಎರಡನ್ನೂ ಸೇರಿಸಿ ದಾರ ಕಟ್ಟಿ, ಸೂಜಿಯನ್ನು ಎಳೆದುಬಿಡುತ್ತಾರೆ. ಸೂಜಿಯಷ್ಟೇ ಕಿರಿದಾದ ದಾರಿ ಉಳಿಯುತ್ತದೆ. ಸುಮಾರು ಎರಡು ವಾರದಲ್ಲಿ ಅಡ್ಡದಾರಿಗಳು ಬೆಳೆದಿರುತ್ತವೆ. ಆದರೆ ಲಿವರ್ ಚೆನ್ನಾಗಿಯೇ ಇರುತ್ತದೆ! ಸಿರೋಸಿಸ್ (ಲಿವರ್ ಗಾಯದ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಕೂಡ ಬೇಕೆಂದರೆ ಪಿತ್ತನಾಳ ಕಟ್ಟಬೇಕು, ಇಲ್ಲವೇ ಲಿವರ್ ಕೆಡಿಸುವ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ರಾಸಾಯನಿಕವನ್ನು ವಾರಗಟ್ಟಲೆ ಕೊಡಬೇಕು.

ಇಷ್ಟೆಲ್ಲ ಮಾಡಿದರೂ ಆ ಸಿರೆಗಳು ಮನುಷ್ಯರಲ್ಲಿ ಆಗುವಂತೆ ತಾವಾಗಿ ಒಡೆದು ರಕ್ತ ಸುರಿಸುವುದು ಕಾಣುವುದಿಲ್ಲ. ನನ್ನ ಪ್ರಕಾರ ಇದೇ ದೊಡ್ಡ ಕೊರತೆ. ಒತ್ತಡ ಇಳಿಸುವ ಔಷಧಿ ಪರೀಕ್ಷೆಗೆ ಇಲಿ ಸಾಕು, ಅಷ್ಟೇ.

ಬಾಯಿಯಿಂದ ಕ್ಯಾಮೆರಾ ನಳಿಕೆ ಇಳಿಸಿ ಮಾಡುವ ಎಂಡೋಸ್ಕೋಪ್ ಚಿಕಿತ್ಸೆಗೆ ದೊಡ್ಡ ಪ್ರಾಣಿಯೇ ಬೇಕಲ್ವಾ? 1980ರ ದಶಕದಲ್ಲಿ ನಾಯಿಗಳಿಗೆ ಆಪರೇಷನ್ ಮಾಡಿ ಸಿರೆ ಉಬ್ಬಿಸಿ, ಬೇಕೆಂದೇ ಚುಚ್ಚಿ ರಕ್ತ ಬರಿಸಿ, ನಿಲ್ಲಿಸುವ ವಿಧಾನಗಳನ್ನು ಹೋಲಿಸಿದರು. ಇಂದು ಆಸ್ಪತ್ರೆಗಳಲ್ಲಿ ಸಿರೆಗೆ ಹಾಕುವ ರಬ್ಬರ್ ಬ್ಯಾಂಡ್ ಕೂಡ ಮೊದಲು ನಾಯಿಗಳಲ್ಲೇ ಪರೀಕ್ಷೆಯಾದದ್ದು.