ಪ್ರತಿಕ್ರಿಯೆ: ಊರು ಬದಲಾದರೆ ಪಾರ್ಶ್ವವಾಯುವಿನ ಕಾರಣವೂ ಬದಲಾಗುತ್ತದೆಯೇ?

ನಿಮ್ಮ ತಂದೆಗೆ ಮೆದುಳಲ್ಲಿ ರಕ್ತಸ್ರಾವವಾಯಿತು, ಯುರೋಪಿನಲ್ಲಿರುವ ದೊಡ್ಡಪ್ಪನಿಗೆ ರಕ್ತ ಹೆಪ್ಪುಗಟ್ಟಿತು, ಇದು ಜಾಗದ ವ್ಯತ್ಯಾಸವೇ ಎಂದು ಕೇಳಿದ್ದೀರಿ. ಒಬ್ಬೊಬ್ಬರ ವಿಷಯದಲ್ಲಿ ಹಾಗೆ ಹೇಳಲಾಗದು. ಆದರೆ ಸಾವಿರಾರು ರೋಗಿಗಳನ್ನು ಒಟ್ಟಿಗೆ ನೋಡಿದಾಗ ವ್ಯತ್ಯಾಸ ಎದ್ದು ಕಾಣುತ್ತದೆ.

2016ರಲ್ಲಿ ಪ್ರಕಟವಾದ ಇಂಟರ್‌ಸ್ಟ್ರೋಕ್ ಅಧ್ಯಯನ 32 ದೇಶಗಳಲ್ಲಿ ನಡೆದಿತ್ತು. ತಡೆಯಬಹುದಾದ ಹತ್ತೇ ಅಂಶಗಳು ಸುಮಾರು 90% ಪಾರ್ಶ್ವವಾಯುವಿಗೆ ಸಂಬಂಧಿಸಿವೆ ಎಂದು ಅದು ತೋರಿಸಿತು. ಪಟ್ಟಿ ಎಲ್ಲೆಡೆ ಒಂದೇ. ಯಾವುದರ ಪಾಲು ಎಷ್ಟು ಎಂಬುದಷ್ಟೇ ಬೇರೆ. ಅಧಿಕ ರಕ್ತದೊತ್ತಡದ ಪಾಲು ಪಶ್ಚಿಮ ಯುರೋಪ್, ಉತ್ತರ ಅಮೆರಿಕಗಳಿಗಿಂತ ಆಗ್ನೇಯ ಏಷ್ಯಾದಲ್ಲಿ ಬಹಳ ಹೆಚ್ಚು. ಹೃದಯದ ಲಯ ತಪ್ಪುವಂಥ ಕಾರಣಗಳ ಪಾಲು ಶ್ರೀಮಂತ ದೇಶಗಳಲ್ಲಿ ದೊಡ್ಡದು. ಅಲ್ಲಿ ವಯಸ್ಸಾದವರು ಹೆಚ್ಚಿರುವುದೂ ಇದಕ್ಕೆ ಒಂದು ಕಾರಣ.

ನನ್ನನ್ನು ಹೆಚ್ಚು ಕಾಡುವುದು ರಕ್ತದೊತ್ತಡದ ಸಂಗತಿ. ಅದು ವರ್ಷಗಟ್ಟಲೆ ಪತ್ತೆಯಾಗದೆ, ಪತ್ತೆಯಾದರೂ ಮಾತ್ರೆ ಅರ್ಧಕ್ಕೇ ನಿಂತರೆ, ಮೆದುಳಿನ ಸಣ್ಣ ರಕ್ತನಾಳಗಳು ಸವೆದು ಒಡೆಯುತ್ತವೆ. ಏಷ್ಯಾ, ಆಫ್ರಿಕಾಗಳಲ್ಲಿ ರಕ್ತಸ್ರಾವದ ಪಾರ್ಶ್ವವಾಯು ಹೆಚ್ಚಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಒಂದೇ ದೇಶದೊಳಗೂ ಹೀಗೇ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಪಾರ್ಶ್ವವಾಯುವಿನ ಸಾವು ಎಷ್ಟು ಹೆಚ್ಚೆಂದರೆ, ಆ ಪ್ರದೇಶಕ್ಕೆ ‘ಸ್ಟ್ರೋಕ್ ಬೆಲ್ಟ್’ ಎಂದೇ ಹೆಸರು ಬಿದ್ದಿದೆ.

ನಿಮ್ಮ ರಕ್ತದೊತ್ತಡವನ್ನು ಕೊನೆಯ ಸಲ ಯಾವಾಗ ನೋಡಿಸಿದ್ದಿರಿ? ದಯವಿಟ್ಟು ಈ ವಾರವೇ ನೋಡಿಸಿ. ತಂದೆಯವರ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.