ಕೈ ತೊಳೆದು, ಆರಡಿ ದೂರ ಮಲಗಿದರೂ ಮನೆಯವರಿಗೆಲ್ಲ ಜ್ವರ ಬಂದದ್ದು ಯಾಕೆ?

ನಿಮ್ಮ ಪ್ರಶ್ನೆ ಓದಿದಾಗ ನನ್ನದೇ ಕಥೆ ಓದಿದ ಹಾಗಾಯಿತು. ಅತ್ತೆಗೆ ಜ್ವರ, ಕೆಮ್ಮು ಬಂತು. ಎಲ್ಲರೂ ಗಂಟೆಗೊಮ್ಮೆ ಕೈ ತೊಳೆದಿರಿ. ಬಾಗಿಲ ಚಿಲಕಕ್ಕೂ ಟೀವಿ ರಿಮೋಟಿಗೂ ಸ್ಯಾನಿಟೈಸರ್ ಹಚ್ಚಿದಿರಿ. ಅವರ ಮಂಚದಿಂದ ಆರಡಿ ದೂರ ಹಾಸಿಗೆ ಹಾಕಿಕೊಂಡಿರಿ. ಆದರೂ ನಾಲ್ಕೇ ದಿನದಲ್ಲಿ ನಿಮಗೂ, ಯಜಮಾನರಿಗೂ, ಮಕ್ಕಳಿಗೂ ಬಂತು. ‘ಹಾಗಾದರೆ ಈ ಕೈ ತೊಳೆಯೋದು, ದೂರ ಇರೋದು ಎಲ್ಲ ಸುಮ್ನೆ ನಾಟಕವಾ?’ ಅಂತ ಕೇಳಿದ್ದೀರಿ.

ನಾಟಕ ಅಲ್ಲ. ಆದರೆ ನೀವು ಕೊನೆಗೆ ಬರೆದ ಒಂದು ಸಾಲು ಉಂಟಲ್ಲ, ‘ಸೆಕೆ ಅಂತ ಎಲ್ಲರೂ ಎ.ಸಿ. ಇರುವ ಒಂದೇ ರೂಮಿನಲ್ಲಿ ಮಲಗಿದೆವು’ ಅಂತ, ಉತ್ತರ ಅದರಲ್ಲೇ ಇದೆ.

ನಾನು ಡಾಕ್ಟರ್ ಅಲ್ಲ. ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಹತ್ತಿರ ಮೆಡಿಕಲ್ ಅಂಗಡಿ ಇಟ್ಟುಕೊಂಡಿರುವ ಫಾರ್ಮಸಿಸ್ಟ್. ದೇಶದ ಮೂರನೇ ಕೊರೊನಾ ಕೇಸು 2020ರ ಫೆಬ್ರವರಿ 3ರಂದು ನಮ್ಮ ಜಿಲ್ಲೆಯಲ್ಲೇ ಸಿಕ್ಕಿದ್ದು. ಮಾರ್ಚ್‌ನಲ್ಲಿ ಕೇರಳ ಸರಕಾರದ ‘ಬ್ರೇಕ್ ದಿ ಚೈನ್’ ಅನ್ನುವ ಕೈ ತೊಳೆಯುವ ಅಭಿಯಾನ ಬಂತು, ಬಸ್ ಸ್ಟ್ಯಾಂಡಿನಲ್ಲಿ ನಲ್ಲಿ ಮತ್ತು ಸೋಪು ಬಂತು, ಆ ತಿಂಗಳು ಮುಗಿಯುವ ಮೊದಲೇ ಕರ್ನಾಟಕ-ಕೇರಳದ ನಡುವಿನ ತಲಪಾಡಿ ಗಡಿ ಮುಚ್ಚಿತು. ಆಗ ನಾನು ಮಾರಿದ ಸ್ಯಾನಿಟೈಸರಿಗೆ ಲೆಕ್ಕ ಇಲ್ಲ. ಕೌಂಟರಿನ ಆಚೆಯಿಂದ ಮಲಯಾಳದಲ್ಲಿ ‘ಪನಿ’ ಅಂದರೂ ಕನ್ನಡದಲ್ಲಿ ‘ಜ್ವರ’ ಅಂದರೂ ನನ್ನದು ಒಂದೇ ಉಪದೇಶ: ಕೈ ತೊಳೀರಿ, ದೂರ ನಿಲ್ಲಿ. ಮೇಲಿನವರು ಹೇಳಿದ್ದೂ ಅದನ್ನೇ. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ‘ಕೋವಿಡ್ ಗಾಳಿಯಿಂದ ಹರಡುವ ರೋಗ ಅಲ್ಲ’ ಅಂತಲೇ ಟ್ವೀಟ್ ಮಾಡಿತ್ತು. ಗಾಳಿಯಿಂದಲೂ ಹರಡುತ್ತದೆ ಅಂತ ಅವರು ಒಪ್ಪಿಕೊಳ್ಳುವಷ್ಟರಲ್ಲಿ ನಮ್ಮ ಕೈಯ ಚರ್ಮ ಸುಲಿದು ಹೋಗಿತ್ತು.

ನನಗೆ ಬುದ್ಧಿ ಬಂದದ್ದು 2022ರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಗಾಲದಲ್ಲಿ. ನನಗೆ ತಾಳಮದ್ದಳೆಯ ಹುಚ್ಚು, ಅಂದರೆ ವೇಷ, ಕುಣಿತ ಇಲ್ಲದೆ ಕೂತಲ್ಲೇ ಹಾಡು, ಮಾತಿನಲ್ಲಿ ನಡೆಸುವ ಯಕ್ಷಗಾನ. ಬೇಸಿಗೆಯಲ್ಲಿ ಬಯಲಿನಲ್ಲಿ ಯಕ್ಷಗಾನ ಆಟ, ಮಳೆಗಾಲದಲ್ಲಿ ಮನೆಯೊಳಗೆ ತಾಳಮದ್ದಳೆ. ಇದು ನಮ್ಮ ಕಡೆಯ ರೂಢಿ. ಅವತ್ತು ಗೆಳೆಯರೊಬ್ಬರ ಹೊಸ ಮನೆಯ ಮಹಡಿ ಹಾಲಿನಲ್ಲಿ ಕೂಟ. ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿ, ಅದೂ ನನ್ನದೇ ಅಂಗಡಿಯದು. ಕುರ್ಚಿಗಳನ್ನು ಅಳೆದು ದೂರ ದೂರ ಹಾಕಿದ್ದೆವು. ಆದರೆ ಮಳೆಯ ಎರಚಲು ಒಳಗೆ ಬರುತ್ತದೆ ಅಂತ ಗಾಜಿನ ಕಿಟಕಿಗಳನ್ನೆಲ್ಲ ಎಳೆದಿದ್ದರು. ಭಾಗವತರು ಪದ್ಯ ಎತ್ತಿದರು, ನನ್ನದು ಕೌರವನ ಪಾತ್ರ. ಕೌರವ ಪಿಸುಗುಟ್ಟುವ ಪೈಕಿ ಅಲ್ಲ. ಮೂರು ಗಂಟೆ ಗಂಟಲು ಹರಿಯುವ ಹಾಗೆ ಮಾತಾಡಿದೆವು. ಮಧ್ಯೆ ಒಬ್ಬರು ‘ಸ್ವಲ್ಪ ಶೀತ ಅಷ್ಟೇ’ ಅಂತ ಕೆಮ್ಮುತ್ತಿದ್ದರು. ಐದನೇ ದಿನಕ್ಕೆ ಹದಿನಾಲ್ಕು ಜನರಲ್ಲಿ ಒಂಬತ್ತು ಮಂದಿ ಹಾಸಿಗೆ ಹಿಡಿದಿದ್ದೆವು. ಮೂಲೆಯಲ್ಲಿ, ಯಾರ ಹತ್ತಿರವೂ ಹೋಗದೆ ಕೂತಿದ್ದ ಅಜ್ಜನಿಗೂ ಬಂತು.

ಜ್ವರ ಬಿಟ್ಟ ಮೇಲೆ ಓದಲು ಕೂತೆ. ನಮ್ಮಂಥದೇ ಘಟನೆ ಅಮೆರಿಕದಲ್ಲಿ ಆಗಿಹೋಗಿತ್ತು. ವಾಷಿಂಗ್ಟನ್ ರಾಜ್ಯದ ಸ್ಕ್ಯಾಗಿಟ್ ಕಣಿವೆಯಲ್ಲಿ 2020ರ ಮಾರ್ಚ್ 10ರಂದು ಒಂದು ಹಾಡುಗಾರರ ತಂಡ ಅಭ್ಯಾಸಕ್ಕೆ ಸೇರಿತ್ತು. 61 ಜನ, ಎರಡೂವರೆ ಗಂಟೆ. ಬಾಗಿಲಲ್ಲಿ ಸ್ಯಾನಿಟೈಸರ್ ಕೊಟ್ಟಿದ್ದರು, ಕೈ ಕುಲುಕಿರಲಿಲ್ಲ, ಅಪ್ಪಿಕೊಂಡಿರಲಿಲ್ಲ. 53 ಜನರಿಗೆ ಕಾಯಿಲೆ ಬಂತು, ಇಬ್ಬರು ತೀರಿಕೊಂಡರು. ಕುರ್ಚಿಗಳು ಹತ್ತಿರ ಹತ್ತಿರವೇ ಇದ್ದವು, ನಿಜ. ಆದರೆ ರೋಗ ತಂದ ಒಬ್ಬರು ಅಷ್ಟೂ ಜನರ ಪಕ್ಕ ಕೂರೋಕಾಗುತ್ತಾ?

ಇದನ್ನು ಅಂಗಡಿಗೆ ಬಂದವರಿಗೆ ನಾನು ಸೊಳ್ಳೆಬತ್ತಿ ಇಟ್ಟುಕೊಂಡು ವಿವರಿಸುತ್ತೇನೆ. ಜಗಲಿಯಲ್ಲಿ ಸೊಳ್ಳೆಬತ್ತಿ ಹಚ್ಚಿ ನೋಡಿ. ಪಕ್ಕದಲ್ಲೇ ಕೂತರೆ ಕಣ್ಣು ಉರಿಯುತ್ತದೆ, ಎರಡು ಮಾರು ಆಚೆ ಹೋದರೆ ಹೊಗೆಯೂ ಇಲ್ಲ, ಸೊಳ್ಳೆಗೆ ಭಯವೂ ಇಲ್ಲ. ಅದೇ ಬತ್ತಿಯನ್ನು ಮುಚ್ಚಿದ ಕೋಣೆಯಲ್ಲಿ ಹಚ್ಚಿ. ಮೊದಲ ಐದು ನಿಮಿಷ ಬತ್ತಿಯ ಹತ್ತಿರ ಮಾತ್ರ ಹೊಗೆ. ಒಂದು ಗಂಟೆ ಕಳೆದರೆ ಯಾವ ಮೂಲೆಯಲ್ಲಿ ನಿಂತರೂ ಒಂದೇ. ರೋಗಿಯ ಉಸಿರು ಆ ಹೊಗೆಯ ಹಾಗೆ. ಕೆಮ್ಮಿದಾಗ, ಸೀನಿದಾಗ ಹಾರುವ ದೊಡ್ಡ ಹನಿಗಳು ಒಂದೆರಡು ಮೀಟರಿನೊಳಗೆ ನೆಲಕ್ಕೆ ಬೀಳುತ್ತವೆ. ಆದರೆ ಮಾತಾಡುವಾಗ, ಹಾಡುವಾಗ, ಬರೀ ಉಸಿರಾಡುವಾಗಲೂ ಹೊರಬರುವ ತೀರಾ ಸಣ್ಣ ಹನಿಗಳು ಬೀಳುವುದಿಲ್ಲ, ತೇಲುತ್ತವೆ. ದೂರ ನಿಂತರೆ ದೊಡ್ಡ ಹನಿ ತಪ್ಪುತ್ತದೆ, ಬಾಯಿಯಿಂದ ಹೊರಟ ದಟ್ಟ ಉಸಿರೂ ತಪ್ಪುತ್ತದೆ. ಅದು ಸಣ್ಣ ಲಾಭ ಏನಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಇಡೀ ರಾತ್ರಿ ಕಳೆದರೆ ಆರಡಿಯೂ ಒಂದೇ, ಹದಿನಾರಡಿಯೂ ಒಂದೇ.

ಮುಟ್ಟದಿದ್ದರೂ ಬರೀ ಗಾಳಿಯಿಂದಲೇ ರೋಗ ಹರಡಬಲ್ಲದು ಅನ್ನೋದಕ್ಕೆ ನನಗೆ ತುಂಬಾ ಇಷ್ಟವಾದ ಸಾಕ್ಷಿ ಕ್ಷಯರೋಗದ್ದು. 1950ರ ದಶಕದಲ್ಲಿ ಬಾಲ್ಟಿಮೋರಿನ ಒಂದು ಆಸ್ಪತ್ರೆಯಲ್ಲಿ ರಿಚರ್ಡ್ ರೈಲಿ, ವಿಲಿಯಂ ವೆಲ್ಸ್ ಮುಂತಾದವರು ಒಂದು ಪ್ರಯೋಗ ಮಾಡಿದರು. ಟಿ.ಬಿ. ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಮೇಲೆ ಕಳಿಸಿದರು. ಮೇಲಿನ ಕೋಣೆಯಲ್ಲಿ ಗಿನಿ ಇಲಿಗಳ ಗೂಡು. ಇಲಿಗಳು ರೋಗಿಗಳನ್ನು ನೋಡಲಿಲ್ಲ, ಮುಟ್ಟಲಿಲ್ಲ, ಅವರ ತಟ್ಟೆಯಲ್ಲಿ ಉಣ್ಣಲಿಲ್ಲ. ಬರೀ ಅವರು ಬಿಟ್ಟ ಗಾಳಿ ಉಸಿರಾಡಿದವು, ಅಷ್ಟೇ. ಅವಕ್ಕೆ ಟಿ.ಬಿ. ಬಂತು. ಅದೇ ಗಾಳಿಯನ್ನು ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಹಾಯಿಸಿ ಕೊಟ್ಟಾಗ ಬರಲಿಲ್ಲ. ಇನ್ನೇನು ಸಾಕ್ಷಿ ಬೇಕು ಮಾರಾಯ್ರೆ? ಇಷ್ಟಾದರೂ ನಮ್ಮ ಮನೆಗಳಲ್ಲಿ ಇವತ್ತಿಗೂ ಟಿ.ಬಿ. ಬಂದವರಿಗೆ ತಟ್ಟೆ ಲೋಟ ಬೇರೆ, ಮಲಗುವ ಕೋಣೆ ಮಾತ್ರ ಎಲ್ಲರಿಗೂ ಒಂದೇ, ಅದರ ಕಿಟಕಿಯೂ ಮುಚ್ಚಿರುತ್ತದೆ. ತಟ್ಟೆಯಿಂದ ಟಿ.ಬಿ. ಹರಡೋದಿಲ್ಲ. ಆ ಮನುಷ್ಯನಿಗೆ ಆಗುವ ಅವಮಾನ ಬೇರೆ.

ಇದೇ ಮಾತಿಗೆ ಸೇರಿದ್ದು ಇನ್ನೊಂದು. ಕೊರೊನಾ ಕಾಲದಲ್ಲಿ ವಾಟ್ಸಾಪಿನಲ್ಲಿ ‘ನಮ್ಮ ಹಿರಿಯರ ಮಡಿಯೇ ಸೋಶಿಯಲ್ ಡಿಸ್ಟೆನ್ಸಿಂಗ್’ ಅಂತ ದಿನಕ್ಕೆ ಹತ್ತು ಸಂದೇಶ ಬರುತ್ತಿತ್ತು. ಮಡಿ ಲೆಕ್ಕ ಹಾಕಿದ್ದು ಯಾರು ಯಾರನ್ನು ಮುಟ್ಟಬಾರದು ಅಂತ, ಅದೂ ಜಾತಿ ನೋಡಿ. ಕೆಮ್ಮುವ ಸ್ವಂತ ಚಿಕ್ಕಪ್ಪ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರುತ್ತಿದ್ದರು. ಎರಡಕ್ಕೂ ಸಂಬಂಧ ಇಲ್ಲ.

ಹಾಗಂತ ಸೋಪು ಬಿಸಾಡಬೇಡಿ. ಸಾಮಾನ್ಯ ಶೀತದಂಥ ಕಾಯಿಲೆಗಳಲ್ಲಿ ಕೈಗೂ ಒಂದು ಪಾಲು ಇದೆ. ಮೂಗು ಒರೆಸಿದ ಕೈ ಚಿಲಕಕ್ಕೆ, ಚಿಲಕ ಮುಟ್ಟಿದ ಕೈ ಕಣ್ಣಿಗೆ ಹೋಗುತ್ತದೆ. ಕೈ ತೊಳೆಯುವ ಅಭ್ಯಾಸದಿಂದ ಶೀತದಂಥ ಉಸಿರಾಟದ ಕಾಯಿಲೆ ನೂರಕ್ಕೆ 16ರಿಂದ 21ರಷ್ಟು ಕಡಿಮೆಯಾಗುತ್ತದೆ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿ.ಡಿ.ಸಿ. ಹೇಳುತ್ತದೆ. ಭೇದಿಯಲ್ಲಾದರೆ 23ರಿಂದ 40. ಅಂದರೆ ಕೈ ತೊಳೆಯೋದು ಹೊಟ್ಟೆಯ ಕಾಯಿಲೆಗೆ ಒಳ್ಳೆಯ ಬೇಲಿ, ಎದೆಯ ಕಾಯಿಲೆಗೆ ಅರ್ಧಂಬರ್ಧ ಬೇಲಿ. ಕೋವಿಡ್‌ನಲ್ಲಂತೂ ವೈರಸ್ ಕೂತ ಜಾಗ ಒಂದು ಸಲ ಮುಟ್ಟಿದರೆ ರೋಗ ಬರುವ ಸಂಭವ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತಲೂ ಕಡಿಮೆ ಅಂತ 2021ರಲ್ಲಿ ಅದೇ ಸಿ.ಡಿ.ಸಿ. ಹೇಳಿತು. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿದ್ದು ನೆನಪಾದರೆ ಈಗ ನಗು ಬರುತ್ತದೆ.

ದೂರ ಇರೋದಕ್ಕೆ ದೊಡ್ಡ ಫಲವೂ ಇದೆ, ಆದರೆ ಅದು ಊರಿಡೀ ಮಾಡಿದಾಗ. 2020-21ರಲ್ಲಿ ಶಾಲೆ, ಜಾತ್ರೆ, ಮದುವೆ, ವಿಮಾನ ಎಲ್ಲ ನಿಂತಿದ್ದಾಗ ಜಗತ್ತಿನಲ್ಲಿ ಫ್ಲೂ ಹೆಚ್ಚುಕಮ್ಮಿ ಮಾಯವಾಯಿತು. ಯಮಗಾಟಾ ಅನ್ನುವ ಫ್ಲೂ ವಂಶವಂತೂ 2020ರ ಮಾರ್ಚ್ ನಂತರ ಮತ್ತೆ ಸಿಕ್ಕಿದ್ದು ಖಚಿತವಾಗಿಲ್ಲ. ಯಾಕೆ ಅಂದರೆ ಫ್ಲೂ ಬಂದ ಒಬ್ಬರಿಂದ ಸರಾಸರಿ ಒಬ್ಬರಿಗೋ ಇಬ್ಬರಿಗೋ ದಾಟುತ್ತದೆ. ಜನ ಸೇರೋದು ಅರ್ಧಕ್ಕಿಳಿದರೂ ಅದರ ಸರಪಳಿ ತುಂಡಾಗುತ್ತದೆ. ದಡಾರದ ಲೆಕ್ಕವೇ ಬೇರೆ. ಒಬ್ಬರಿಂದ 12ರಿಂದ 18 ಜನಕ್ಕೆ ಹರಡಬಲ್ಲದು. ರೋಗಿ ಎದ್ದು ಹೋದ ಮೇಲೂ ಎರಡು ಗಂಟೆ ಆ ಕೋಣೆಯ ಗಾಳಿಯಲ್ಲಿ ಇರಬಲ್ಲದು. ಅದರ ಮುಂದೆ ಆರಡಿ, ಸೋಪು ಯಾವುದೂ ನಡೆಯೋದಿಲ್ಲ, ಲಸಿಕೆಯೇ ಬೇಕು. ಹಾಗಾಗಿ ‘ದೂರ ಇದ್ದರೆ ಸಾಕಾ’ ಅಂತ ಕೇಳುವವರನ್ನು ನಾನು ತಿರುಗಿ ಕೇಳುತ್ತೇನೆ: ಯಾವ ಕಾಯಿಲೆ? ಎಷ್ಟು ಹೊತ್ತು? ಒಳಗಾ, ಹೊರಗಾ?

ಇದು ತಲೆಗೆ ಹೋದ ಮೇಲೆ ಅಂಗಡಿಯಲ್ಲಿ ಒಂದೆರಡು ಬದಲಾವಣೆ ಮಾಡಿದೆ. ಕೌಂಟರಿಗೆ ತೂಗುಹಾಕಿದ್ದ ಪ್ಲಾಸ್ಟಿಕ್ ಹಾಳೆ ತೆಗೆದೆ, ಗಾಳಿ ಆಡೋದಕ್ಕೆ ಅದೇ ಅಡ್ಡಿಯಾಗಿತ್ತು. ಹಿಂದಿನ ಬಾಗಿಲು ತೆರೆದು ಒಂದು ಟೇಬಲ್ ಫ್ಯಾನನ್ನು ಹೊರಮುಖವಾಗಿ ಇಟ್ಟೆ. ಫ್ಯಾನು ಒಳಗಿನ ಗಾಳಿಯನ್ನು ಹೊರಗೆ ತಳ್ಳುತ್ತದೆ, ಮುಂದಿನಿಂದ ಹೊಸ ಗಾಳಿ ಬರುತ್ತದೆ. ಮಳೆಗಾಲದಲ್ಲಿ ಮಂಗಳೂರಿಗೆ ಬಸ್ಸಿನಲ್ಲಿ ಹೋಗಬೇಕಾದರೆ ಎನ್95 ಹಾಕುತ್ತೇನೆ. ಮಳೆ ಹೊಡೆದ ಕೂಡಲೇ ಕಿಟಕಿಯ ಟರ್ಪಾಲು ಇಳಿಸುತ್ತಾರೆ, ಒಳಗೆ ನಿಂತವರು ಕೂತವರು ಸೇರಿ ಒಂದೂವರೆ ಗಂಟೆ ಒಬ್ಬರ ಉಸಿರು ಇನ್ನೊಬ್ಬರು ಕುಡಿಯೋದು. ಅಲ್ಲಿ ದೂರ ನಿಲ್ಲಿ ಅಂದರೆ ಕಂಡಕ್ಟರೇ ನಗುತ್ತಾರೆ. ಎನ್95 ಅಂದರೆ 0.3 ಮೈಕ್ರಾನಿನಷ್ಟು ಸಣ್ಣ ಕಣಗಳಲ್ಲಿ ನೂರಕ್ಕೆ ಕನಿಷ್ಠ 95 ಭಾಗ ಹಿಡಿಯುವ ಮಾಸ್ಕು, ಆದರೆ ಕೆನ್ನೆಯ ಹತ್ತಿರ ಸಂದು ಬಿಟ್ಟರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಗಡ್ಡದವರಿಗೆ ಸರಿಯಾಗಿ ಕೂರೋದಿಲ್ಲ. ತಾಳಮದ್ದಳೆಗೆ ಈಗ ಹಂಚಿನ ಮನೆಯ ಚಾವಡಿ ಸಿಕ್ಕಿದರೆ ನನಗೆ ಖುಷಿ. ಎತ್ತರದ ಮಾಡು, ಹಂಚಿನ ಸಂದು, ಎರಡು ಕಡೆ ಕಿಟಕಿ. ಪೆರುವಿನ ಲಿಮಾ ನಗರದ ಆಸ್ಪತ್ರೆಗಳಲ್ಲಿ ಅಳೆದು ನೋಡಿದಾಗ ಎತ್ತರದ ಚಾವಣಿ, ದೊಡ್ಡ ಕಿಟಕಿಯ ಹಳೆಯ ಕಟ್ಟಡಗಳಲ್ಲೇ ಗಾಳಿ ಚೆನ್ನಾಗಿ ಬದಲಾಗುತ್ತಿತ್ತಂತೆ, ಯಂತ್ರ ಕೂರಿಸಿದ ಹೊಸ ಕೋಣೆಗಳಿಗಿಂತಲೂ ಜಾಸ್ತಿ.

ಈಗ ನಿಮ್ಮ ಮನೆಗೆ ಬರೋಣ. ಗೋಡೆಯ ಮೇಲಿನ ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿ ತರೋದಿಲ್ಲ. ಒಳಗಿನದ್ದನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಒಳಗೇ ಬಿಡುತ್ತದೆ. ಅತ್ತೆ ರಾತ್ರಿಯಿಡೀ ಬಿಟ್ಟ ಉಸಿರನ್ನು ಅದು ನಿಮಗೆಲ್ಲ ತಂಪಾಗಿ ಹಂಚಿತು. ನೀವು ಕೈ ತೊಳೆದದ್ದರಲ್ಲಿ ತಪ್ಪಿಲ್ಲ, ಬಾಗಿಲು ಹಾಕಿದ್ದರಲ್ಲಿ ಇತ್ತು.

ಮುಂದಿನ ಸಲ ಯಾರಿಗಾದರೂ ಕೆಮ್ಮು ಶುರುವಾದರೆ ಅವರಿಗೆ ಕಿಟಕಿ ಇರುವ ಬೇರೆ ಕೋಣೆ ಕೊಡಿ. ಇರೋದೇ ಒಂದು ಕೋಣೆಯಾದರೆ ಎ.ಸಿ. ಬಂದ್ ಮಾಡಿ, ಎದುರುಬದುರು ಕಿಟಕಿ ತೆಗೆದು ಸೀಲಿಂಗ್ ಫ್ಯಾನ್ ಹಾಕಿ. ಸೊಳ್ಳೆ ಬರುತ್ತದೆ ಅಂತೀರಿ, ಗೊತ್ತು. ಕಿಟಕಿಗೆ ಬಲೆ ಹಾಕಿಸಿ. ಕೆಮ್ಮುವವರು ಮಾಸ್ಕ್ ಹಾಕಲಿ, ಊಟ ಕೊಡಲು ಹೋಗುವವರೂ ಹಾಕಲಿ. ತಟ್ಟೆಯನ್ನು ಎಂದಿನ ಹಾಗೆ ಸೋಪಿನಲ್ಲಿ ತೊಳೆದರೆ ಸಾಕು. ಆ ರೂಮಿಗೆ ಸೇರಿದ ಬಾತ್‌ರೂಮಿನಲ್ಲಿ ಎಕ್ಸಾಸ್ಟ್ ಫ್ಯಾನ್ ಇದ್ದರೆ ಬಾತ್‌ರೂಮಿನ ಬಾಗಿಲು ತೆರೆದಿಟ್ಟು ರಾತ್ರಿಯಿಡೀ ಓಡಲು ಬಿಡಿ. ಆದರೆ ಅದು ಗಾಳಿ ಬಿಡೋದು ಹೊರಗೋ ಅಥವಾ ಪಕ್ಕದ ಮೆಟ್ಟಿಲ ಸಂದಿಗೋ ಅಂತ ಮೊದಲು ಒಂದು ಊದುಬತ್ತಿ ಹಚ್ಚಿ ಹಿಡಿದು ನೋಡಿಬಿಡಿ.