ನೆನೆದ ಕೌದಿ

ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿರುವ ತಂದೆಯವರನ್ನು ‘ಇನ್ನು ನೀನೇ ಕರಕೊಂಡು ಹೋಗು’ ಎಂದು ಜಮಖಂಡಿಯ ಅಣ್ಣನವರು ಹೇಳಿದ್ದಾರೆ, ಟೊರೊಂಟೊಕ್ಕೆ ಕರೆಸಬಹುದೇ ಎಂದು ಕೇಳಿದ್ದೀರಿ.

ಕಾಗದಪತ್ರದ ಮಾತನ್ನು ಮೊದಲು ಮುಗಿಸುತ್ತೇನೆ. ನಿಮಗೆ ಕೆನಡಾದ ಪಿ.ಆರ್. (ಕಾಯಂ ವಾಸದ ಪರವಾನಗಿ) ಇದ್ದರೆ, ಅಲ್ಲಿರುವವರ ತಂದೆತಾಯಿಗೆಂದೇ ಕೊಡುವ ಸೂಪರ್ ವೀಸಾದ ಮೇಲೆ ತಂದೆಯವರು ಒಮ್ಮೆಗೆ 5 ವರ್ಷದವರೆಗೆ ಇರಬಹುದು. ಆದರೆ ವೈದ್ಯಕೀಯ ತಪಾಸಣೆಯೂ ಕನಿಷ್ಠ 1,00,000 ಕೆನಡಾ ಡಾಲರಿನ ಖಾಸಗಿ ಆರೋಗ್ಯ ವಿಮೆಯೂ ಬೇಕು, ಮೊದಲೇ ಇರುವ ಕಾಯಿಲೆಗೆ ಅನೇಕ ವಿಮೆಗಳು ಹಣ ಕೊಡುವುದಿಲ್ಲ, ಒಂಟಾರಿಯೊದ ಸರ್ಕಾರಿ ಆರೋಗ್ಯ ಯೋಜನೆಯಂತೂ ಸಂದರ್ಶಕರಿಗಿಲ್ಲ. ಅವರ ಸ್ಥಿತಿಯಲ್ಲಿ ಕರೆಸದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಅಣ್ಣನ ಮಾತಿನಿಂದ ನಿಮಗಾದ ನೋವಿನ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕೆನಿಸುತ್ತದೆ, ಏಕೆಂದರೆ ಅದೇ ಮಾತನ್ನು ನಾನೂ ಕೇಳಿಸಿಕೊಂಡವನು. ನಮ್ಮ ಅವ್ವ ಬಾಗಲಕೋಟೆಯ ನವನಗರದಲ್ಲಿ, ತಮ್ಮನ ಮನೆಯಲ್ಲಿ, ಮೂರು ವರ್ಷ ಹಾಸಿಗೆಯಲ್ಲಿದ್ದಳು. ನಾನು ತಿಂಗಳಿಗೊಮ್ಮೆ ತಪ್ಪದೆ ಹಣ ಕಳಿಸುತ್ತಿದ್ದೆ. ರವಿವಾರ ವಿಡಿಯೊ ಕರೆ ಮಾಡಿ, ಗುಳಿಗೆ ಕೊಟ್ಟಿರಾ, ಮಗ್ಗಲು ಬದಲಿಸಿದಿರಾ ಎಂದು ವಿಚಾರಿಸುತ್ತಿದ್ದೆ. ನಾನು ಕಾಳಜಿ ಎಂದುಕೊಂಡದ್ದು ಅವರ ಕಿವಿಗೆ ಜಬರಿನಂತೆ ಕೇಳಿಸುತ್ತಿತ್ತು. ಒಂದು ರವಿವಾರ ತಮ್ಮನ ಹೆಂಡತಿ ಫೋನನ್ನು ಮಾಳಿಗೆಗೆ ಒಯ್ದು, ಹಗ್ಗದ ಮೇಲೆ ನೀರು ತೊಟ್ಟಿಕ್ಕುತ್ತಿದ್ದ ಮೂರು ಕೌದಿಗಳನ್ನು ತೋರಿಸಿ, ‘ಭಾವಾರ, ಇವು ಇವತ್ತಿನವು ನೋಡ್ರಿ’ ಎಂದಳು, ಮತ್ತೇನೂ ಹೇಳಲಿಲ್ಲ. ಹಳೆಯ ಸೀರೆಗಳನ್ನು ಪದರು ಪದರಾಗಿ ಹೊಲಿದ ಕೌದಿ ನೆನೆದರೆ ಒಬ್ಬರಿಂದ ಹಿಂಡಲಾಗುವುದಿಲ್ಲ. ಆ ವರ್ಷ ನಾವು ಅಣ್ಣತಮ್ಮಂದಿರು ಎಂಟು ತಿಂಗಳು ಮಾತು ಬಿಟ್ಟಿದ್ದೆವು. (ಆಲಮಟ್ಟಿಯ ಹಿನ್ನೀರಿಗೆ ಹೋದ ಹಳೆಯ ಮನೆಯ ಪರಿಹಾರ ಹಂಚಿಕೊಳ್ಳುವಾಗಲೂ ನಾವು ಇಷ್ಟು ಮುನಿಸಿಕೊಂಡಿರಲಿಲ್ಲ.)

ಕೊನೆಗೆ ಸಂಬಳವಿಲ್ಲದ ರಜೆ ಹಾಕಿ ಆರು ವಾರ ನವನಗರದಲ್ಲಿದ್ದು, ಅವರಿಬ್ಬರನ್ನೂ ಊರಿಂದ ಹೊರಗೆ ಕಳಿಸಿದೆ. ‘ಮಂದಿ ಏನಂದಾರು’ ಎಂದು ತಮ್ಮ ಬೇಡವೆನ್ನುತ್ತಿದ್ದ ಆಳನ್ನು, ನಾನೇ ನಿಂತು ಎರಡೂ ಹೊತ್ತಿಗೆ ಗೊತ್ತುಮಾಡಿದೆ. ತಮ್ಮ ಮೊದಲಿನಂತಾದ, ಅವನ ಹೆಂಡತಿ ಇಂದಿಗೂ ನನ್ನೊಂದಿಗೆ ಅಳೆದೇ ಮಾತಾಡುತ್ತಾಳೆ, ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

ಅಣ್ಣನ ಮೇಲೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ದೂರು ಕೊಡಿಸೆಂದು ಯಾರೋ ನಿಮಗೆ ಹೇಳಿದ್ದಾರಂತೆ. ತಂದೆತಾಯಿಯನ್ನು ನೋಡಿಕೊಳ್ಳುವ ಹೊಣೆಯನ್ನು ಮಕ್ಕಳ ಮೇಲೆ ಹೊರಿಸುವ ಆ ಕಾಯ್ದೆ ವಿದೇಶದಲ್ಲಿರುವ ಭಾರತೀಯ ಪ್ರಜೆಗಳಿಗೂ, ಅಂದರೆ ನಿಮಗೂ, ಅನ್ವಯಿಸುತ್ತದೆ. ಈ ವಾರ ಅಣ್ಣನಿಗೆ ಕರೆ ಮಾಡಿದಾಗ ವೀಸಾದ ಮಾತನ್ನೂ ಕಾಯ್ದೆಯ ಮಾತನ್ನೂ ತೆಗೆಯದೆ, ವೈನಿ ತವರಿಗೆ ಹೋಗಿ ಎಷ್ಟು ದಿನವಾಯಿತೆಂದು ಕೇಳಿರಿ.